ಅತ್ತೆಯ ಬೆರಳುದ್ದದ ಬಂದೂಕು

ನನ್ನ ಸೋದರತ್ತೆಯ ಮನೆಯಲ್ಲಿ ಬಂದೂಕು ಇದೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅದು ಸಿಕ್ಕಿದ್ದು ನನ್ನ ಕೈಗೇ. ಸಿಕ್ಕ ಮರುಗಳಿಗೆಯಲ್ಲೇ ಅದು ಹಾರಿತು ಕೂಡ.

ಅತ್ತೆ ಅಂದರೆ ನನ್ನ ತಂದೆಯ ಅಕ್ಕ. ರಾಮದುರ್ಗದಲ್ಲಿ ಅವಳದೊಂದು ಗಡಿಯಾರ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಗಂಡ ಬದುಕಿದ್ದಾಗ ಅವನ ಪಕ್ಕದಲ್ಲಿ ಕೂತು ಕೆಲಸ ಕಲಿತಳು. ಅವನು ಹೋದ ಮೇಲೆ ಅವನು ಕೂರುತ್ತಿದ್ದ ಸ್ಟೂಲಿನ ಮೇಲೆ ತಾನೇ ಕೂತಳು. ಮಕ್ಕಳಾಗಲಿಲ್ಲ. ಮೊಬೈಲು ಬಂದ ಮೇಲೆ ಗಡಿಯಾರ ತರುವವರು ಕಡಿಮೆಯಾದರು. ಆದರೂ ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವಳು ಮೇಜಿನ ಮುಂದೆ ಕೂತೇ ಕೂರುತ್ತಿದ್ದಳು. ಇಡೀ ದಿನ ಏನು ಮಾಡುತ್ತಾಳೆ ಎಂದು ನಾವು ಯಾರೂ ಕೇಳಿರಲಿಲ್ಲ.

ದೀಪಾವಳಿ ಬಂತೆಂದರೆ ಕದ ಹಾಕಿಕೊಂಡು ಕಿವಿಗೆ ಅರಳೆ ತುರುಕಿ ಒಳಗೆ ಕೂರುವ ಹೆಂಗಸು ಅವಳು. ನಾನು ಸಣ್ಣವಳಿದ್ದಾಗ ಟಿಕಳಿ ಪಟಾಕಿ ಹೊಡೆಯುವ ತಗಡಿನ ಪಿಸ್ತೂಲು ಹಿಡಿದು ಅವಳ ಮನೆಗೆ ಹೋಗಿದ್ದೆ. ಕೈಯಿಂದ ಕಸಿದು ಒಯ್ದು ಹಿತ್ತಲ ಬಾವಿಗೆ ಒಗೆದುಬಿಟ್ಟಳು. ಬಯ್ಯಲಿಲ್ಲ, ಒಂದು ಮಾತೂ ಆಡಲಿಲ್ಲ. ಆಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಇಲಿಯನ್ನೂ ಕೊಲ್ಲುವವಳಲ್ಲ, ಬೋನಿಗೆ ಬಿದ್ದದ್ದನ್ನು ಹೊಲದ ಕಡೆ ಒಯ್ದು ಬಿಟ್ಟು ಬರುತ್ತಿದ್ದಳು.

ಹೋದ ಮಳೆಗಾಲದಲ್ಲಿ ಅವಳು ಬಚ್ಚಲಲ್ಲಿ ಜಾರಿಬಿದ್ದು ಪಾದ ಉಳುಕಿಸಿಕೊಂಡಳು. ನಾನು ಬೈಲಹೊಂಗಲದಲ್ಲಿ ಬ್ಲೌಸು ಹೊಲಿಯುವ ಅಂಗಡಿ ಇಟ್ಟವಳು. ಅಂಗಡಿಗೆ ಬೀಗ ಹಾಕಿ, ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ ಹೋದೆ. ಅತ್ತೆ ಹೊರಸಿನ ಮೇಲೆ ಕಾಲು ಚಾಚಿ ಮಲಗಿದ್ದಳು. ಪಾದ ಸೋರೆಕಾಯಿಯ ಹಾಗೆ ಊದಿತ್ತು.

"ಮುಲಾಮ ಎಲ್ಲೈತಿ ಅತ್ತಿ?"

"ಅಂಗಡ್ಯಾಗ, ಮೇಜಿನ ಡ್ರಾದಾಗ ಐತಿ ನೋಡವ್ವಾ. ಎಡಗಡೀದು."

ನಾನು ಮೇಜಿನ ಎದುರಿಗೆ ನಿಂತು ನನ್ನ ಎಡಗಡೆಯದನ್ನು ಎಳೆದೆ. ಅವಳು ಹೇಳಿದ್ದು ಸ್ಟೂಲಿನ ಮೇಲೆ ಕೂತವರ ಎಡಗಡೆ. ಡ್ರಾದಲ್ಲಿ ಮುಲಾಮಿನ ಬದಲು ಅಕ್ಕಸಾಲಿಗರು ಉಂಗುರ, ಬೆಂಡೋಲೆ ಹಾಕಿಕೊಡುವ ಕೆಂಪು ಮಖಮಲ್ಲಿನ ಡಬ್ಬಿಗಳು ಸಾಲಾಗಿ ಇದ್ದವು. ಅತ್ತೆ ಇಷ್ಟು ಬಂಗಾರ ಯಾವಾಗ ಮಾಡಿಸಿದಳು ಎಂದು ಕುತೂಹಲಕ್ಕೆ ಒಂದನ್ನು ತೆರೆದೆ.

ಒಳಗೆ ಅರಳೆಯ ಮೇಲೆ ಬಂದೂಕು ಮಲಗಿತ್ತು.

ನನ್ನ ಕಿರುಬೆರಳಿಗಿಂತ ಒಂದಿಷ್ಟು ಉದ್ದ. ನಳಿಗೆ ದಬ್ಬಣದಷ್ಟು ದಪ್ಪ, ಕಪ್ಪು ನೀಲಿ ಮಿಂಚು. ಹಿಡಿಕೆಗೆ ಬೀಟೆ ಮರ, ನಳಿಗೆಯನ್ನೂ ಮರವನ್ನೂ ಕಟ್ಟಿಹಿಡಿದ ಹಿತ್ತಾಳೆಯ ಪಟ್ಟಿಗಳು, ಪಟ್ಟಿಗಳಿಗೆ ಎಳ್ಳುಕಾಳಿಗಿಂತ ಸಣ್ಣ ತಿರುಪು ಮೊಳೆ. ಹೆಗಲಿಗೆ ಹಾಕಿಕೊಳ್ಳಲು ತೊಗಲಿನ ಪಟ್ಟಿಯೂ ಇತ್ತು. ನನ್ನ ಕಣ್ಣು ನಿಂತದ್ದು ಆ ಪಟ್ಟಿಯ ಮೇಲೆ. ಅದರ ಎರಡೂ ಅಂಚಿಗೆ ಹೊಲಿಗೆ ಹಾಕಿತ್ತು. ಇಷ್ಟು ವರ್ಷ ಸೂಜಿ ಹಿಡಿದಿದ್ದೇನೆ, ಅಂಥ ಹೊಲಿಗೆ ನಾನು ಕಂಡಿರಲಿಲ್ಲ. ಬರಿಗಣ್ಣಿಗೆ ಅದು ಹೊಲಿಗೆ ಎಂದೇ ತಿಳಿಯುತ್ತಿರಲಿಲ್ಲ, ಬೆಳಕಿಗೆ ಓರೆ ಹಿಡಿದಾಗ ಮಾತ್ರ ದಾರ ಏರಿ ಇಳಿದದ್ದು ಕಾಣುತ್ತಿತ್ತು.

ಬೊಂಬೆಯೋ ಪದಕವೋ ಇರಬೇಕು ಎಂದುಕೊಂಡು ಅಂಗೈಯಲ್ಲಿಟ್ಟು ತಿರುವಿದೆ. ಹಿಂಭಾಗದಲ್ಲಿ ಹಕ್ಕಿಯ ಕೊಕ್ಕಿನಂಥ ಒಂದು ಭಾಗ ಎದ್ದು ನಿಂತಿತ್ತು. ಅದನ್ನು ಉಗುರಿನಿಂದ ಹಿಂದಕ್ಕೆ ನೂಕಿದೆ. ಕಿಟ್ ಎಂದಿತು. ಕೆಳಗಿನ ಕೊಂಡಿಯನ್ನು ಮುಟ್ಟಿದೆನೋ ಇಲ್ಲವೋ, ಟಪ್!

ಕೈಯೊಳಗಿಂದ ಹೊಗೆ ಎದ್ದಿತು. ನಾನು ಕಿರುಚಿ ಅಂಗಡಿಯ ನೆಲದ ಮೇಲೆ ಕೂತುಬಿಟ್ಟೆ. ಸುಟ್ಟ ಗಂಧಕದ ವಾಸನೆ ಮೂಗಿಗೆ ಹೊಡೆಯಿತು. ಉಳುಕಿದ ಕಾಲನ್ನು ಎಳೆಯುತ್ತಾ, ಗೋಡೆ ಹಿಡಿದುಕೊಂಡು ಅತ್ತೆ ಬಂದಳು.

"ಕೈ ಸುಟ್ಟಿತೇನ? ತೋರಸು, ಮೊದಲ ಕೈ ತೋರಸು! ಟಿಕಳಿ ಚೂರು ಅದರಾಗ ಉಳದಿತ್ತು."

ಕೈಗೆ ಏನೂ ಆಗಿರಲಿಲ್ಲ. ಹೆಬ್ಬೆರಳ ಬುಡದಲ್ಲಿ ಒಂದು ಕರಿ ಚುಕ್ಕೆ, ಅಷ್ಟೆ.

"ಅತ್ತಿ, ಏನಿದು?"

"ಬಂದೂಕ."

"ಅದು ನಂಗೂ ಕಾಣತೈತಿ. ಯಾರ ಮಾಡಿದ್ದು? ನಿನ್ನ ಹಂತ್ಯಾಕ ಹೆಂಗ ಬಂತು?"

"ಯಾರ ಮಾಡಬೇಕು? ನಾನ ಮಾಡೀನಿ."

ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. ಮುಖ ನೋಡಿದೆ. ಸುಳ್ಳು ಹೇಳುವವರ ಮುಖವಲ್ಲ. ಸಿಕ್ಕಿಬಿದ್ದವರ ಮುಖವೂ ಅಲ್ಲ. ನನ್ನನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿ, ತಾನು ಮೇಜಿಗೆ ಒರಗಿ ನಿಂತು, ಉಳಿದ ಡಬ್ಬಿಗಳನ್ನು ಒಂದೊಂದಾಗಿ ತೆರೆದಳು.

ಮೊದಮೊದಲು ಮಾಡಿದವು ಒರಟಾಗಿದ್ದವು. ನಳಿಗೆ ಕೊಂಚ ಸೊಟ್ಟ, ಮರಕ್ಕೂ ಉಕ್ಕಿಗೂ ನಡುವೆ ಕೂದಲೆಳೆಯಷ್ಟು ಸಂದಿ. ನಂತರದವು ಒಂದಕ್ಕಿಂತ ಒಂದು ನಯ. ಕೊನೆಯದರ ಹಿಡಿಕೆಯಲ್ಲಿ ಬೆಳ್ಳಿಯ ಎಳೆ ಕೂರಿಸಿ ಬಳ್ಳಿ ಬಿಡಿಸಿದ್ದಳು. ಅದು ತನ್ನ ಗಂಡನ ಬೆಳ್ಳಿಯ ಉಡದಾರದ ತುಂಡು ಎಂದಳು. ಉಕ್ಕಿನ ಕಡ್ಡಿಗೆ ಈ ತುದಿಯಿಂದ ಆ ತುದಿಗೆ ನೇರ ತೂತು ಹಾಕುವುದೇ ಎಲ್ಲಕ್ಕಿಂತ ಕಷ್ಟವಂತೆ. "ಅರ್ಧ ದಾರಿಗೆ ಹೋಗಿ ಬೈರಿಗಿ ಮುರೀತಿತ್ತು. ಆವಾಗ ಅಳು ಬರತಿತ್ತು ನೋಡು. ಗಂಡ ಸತ್ತಾಗ ಸೈತ ಅಷ್ಟ ಅತ್ತಿರಲಿಲ್ಲ ನಾ" ಎಂದು ನಕ್ಕಳು. ಸ್ಪ್ರಿಂಗುಗಳೆಲ್ಲ ಕೆಟ್ಟ ಗಡಿಯಾರಗಳಿಂದ ಬಂದಿದ್ದವು.

"ಇವು ಎಲ್ಲಾ ಹಾರತಾವ?"

"ಹಾರದಿದ್ರ ಮಾಡೂದ ಯಾಕ?"

ಅಡುಗೆ ಮನೆಯಿಂದ ಒಂದು ವೀಳ್ಯದೆಲೆ, ಒಂದು ಸಾಸಿವೆ ಕಾಳು ತರಲು ಹೇಳಿದಳು. ಎಲೆಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದೆ. ಅವಳು ಭೂತಗನ್ನಡಿ ಹಾಕಿಕೊಂಡು ಚಿಮಟಿಗೆಯಿಂದ ಆ ಸಾಸಿವೆಯನ್ನೇ ಗುಂಡಾಗಿ ನಳಿಗೆಗೆ ತುರುಕಿ, ಬಂದೂಕನ್ನು ಎರಡು ಬೆರಳ ನಡುವೆ ಹಿಡಿದಳು. ಟಪ್ ಎಂದಿತು. ಎಲೆ ಅಲುಗಿತು. ಹತ್ತಿರ ಹೋಗಿ ನೋಡಿದರೆ ನಡುಮಧ್ಯೆ ತೂತು, ತೂತಿನ ಹಿಂದೆ ಸುಣ್ಣದ ಗೋಡೆಯಲ್ಲಿ ಒಂದು ಚುಚ್ಚು. ಹಿತ್ತಲಿನ ಬಾವಿಗೆ ಆಟಿಕೆಯ ಪಿಸ್ತೂಲು ಒಗೆದವಳು ಇವಳೇ. ಆ ಹೆಂಗಸು ಈಗ ನನ್ನ ಕಣ್ಣೆದುರಿಗೇ ಗುಂಡು ಹಾರಿಸಿದ್ದಳು. ನಾನು ಆ ಸಣ್ಣ ವಸ್ತುವನ್ನು ಅವಳಿಂದ ಇಸಿದುಕೊಂಡೆ, ಕೆಳಗಿಡಲು ಮನಸ್ಸಾಗುತ್ತಿರಲಿಲ್ಲ. ಅದರ ಮೊಳೆ, ಕೊಂಡಿ, ಹೊಲಿಗೆಯನ್ನು ಮತ್ತೆ ಮತ್ತೆ ಸವರಬೇಕು ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೂ ದಿಗಿಲಾಯಿತು.

"ಯಾಕ ಮಾಡಿದಿ ಅತ್ತಿ ಇವನ್ನ?"

ಅವಳು ಡಬ್ಬಿಗಳನ್ನು ಮುಚ್ಚಿ, ಡ್ರಾದಲ್ಲಿಟ್ಟು, ಮೇಜಿನ ಮೇಲಿನ ಮಸಿಯನ್ನು ಸೆರಗಿನಿಂದ ಒರೆಸಿದಳು.

"ನಿಮ್ಮಪ್ಪನ ಕಾಲ ಹೆಂಗ ಹೋತು ಅಂತ ಗೊತ್ತೇನ ನಿನಗ?"

"ಚಕ್ಕಡಿಯಿಂದ ಬಿದ್ದು. ಗಾಲಿ ಮ್ಯಾಲ ಹಾದು..."

"ಗಾಲಿ ಅಲ್ಲವ್ವಾ. ಗುಂಡ. ನಮ್ಮಪ್ಪನ ಬಂದೂಕಿಂದ, ನಿಮ್ಮಜ್ಜಂದು."

ನನ್ನ ತಂದೆ ಬಲಗಾಲು ಎಳೆದು ನಡೆಯುತ್ತಾರೆ. ನಾನು ಹುಟ್ಟಿದಾಗಿನಿಂದ ಅದನ್ನು ನೋಡಿದ್ದೇನೆ. ನಮ್ಮ ಮನೆಯಲ್ಲಿ, ಓಣಿಯಲ್ಲಿ, ಅವರು ಗುಮಾಸ್ತರಾಗಿದ್ದ ಹತ್ತಿ ಪೇಟೆಯಲ್ಲಿ, ಎಲ್ಲರಿಗೂ ಅದು ಚಕ್ಕಡಿಯ ಗಾಲಿ ಹಾದ ಕಾಲು. ಆ ಕಾಲಿನ ಮೇಲೆ ನಾನು ಕುದುರೆಯಾಟ ಆಡಿದ್ದೆ. ಮೊಣಕಾಲ ಸುತ್ತಲಿನ ಚುಕ್ಕೆ ಚುಕ್ಕೆ ಗುರುತುಗಳನ್ನು ಎಣಿಸಿ, "ಇದ್ಯಾಕ ಹಿಂಗಾಗೇತಿ?" ಎಂದು ಕೇಳಿದ್ದೆ. "ಗಾಲಿಯ ಮೊಳಿ" ಎಂದಿದ್ದರು. ಅದನ್ನು ನಂಬಿದ್ದೆ.

ಅತ್ತೆ ನಿಂತುಕೊಂಡೇ ಎಲ್ಲ ಹೇಳಿದಳು. ಕಿತ್ತೂರಿನ ಹತ್ತಿರದ ಹಳ್ಳಿಯಲ್ಲಿ ಅಜ್ಜನ ಮನೆ. ಹೊಲಕ್ಕೆ ಬರುವ ಹಂದಿ ಓಡಿಸಲು ಅಜ್ಜ ಲೈಸೆನ್ಸಿನ ಬಂದೂಕು ಇಟ್ಟುಕೊಂಡಿದ್ದ. ಮುಂದಿನಿಂದ ಮದ್ದು ತುಂಬುವ ಹಳೆಯ ಕಾಲದ್ದು. ಮಹಾನವಮಿಗೆ ನೇಗಿಲಿನ ಕುಡ, ಕುಡಗೋಲುಗಳ ಸಾಲಿನಲ್ಲಿ ಅದಕ್ಕೂ ಪೂಜೆ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅಪ್ಪ, ಆಗ ಏಳೆಂಟು ವರ್ಷದ ಹುಡುಗ, ಎಮ್ಮೆ ಬಿಟ್ಟು ಆಟಕ್ಕೆ ಹೋಗಿದ್ದರು. ಎಮ್ಮೆ ಹತ್ತಿಯ ಹೊಲಕ್ಕೆ ನುಗ್ಗಿ ಹಾಳು ಮಾಡಿತ್ತು. ಅಜ್ಜನಿಗೆ ಸಿಟ್ಟು ನೆತ್ತಿಗೇರಿ, "ಗುಂಡ ಹಾಕಿ ಬಿಡತೀನಿ ಮಗನ ನಿನಗ" ಎಂದು ಕೂಗಿದ್ದ. ಅಂಥ ಮಾತು ಆ ಮನೆಯಲ್ಲಿ ದಿನಕ್ಕೊಮ್ಮೆ ಕೇಳುವಂಥದ್ದೇ. ಮಧ್ಯಾಹ್ನ ಪಡಸಾಲೆಯಲ್ಲಿ ಅಪ್ಪ ಬೆನ್ನು ತಿರುವಿ ಕೂತು ಚೆಂಡುಹೂವು ಪೋಣಿಸುತ್ತಿದ್ದರು. ಅಜ್ಜ ಒರೆಸಲೆಂದು ಗೋಡೆಯ ಮೇಲಿನ ಬಂದೂಕು ಇಳಿಸಿದ. ಢಂ ಎಂದಿತು. ಅಪ್ಪ ತಿರುಗಿ ನೋಡಿದಾಗ ಮೊಣಕಾಲು ರಕ್ತ, ಅಜ್ಜನ ಕೈಯಲ್ಲಿ ಬಂದೂಕು.

"ನಾ ಅಡಗಿ ಮನಿ ಬಾಗಲದಾಗ ನಿಂತಿದ್ದೆ" ಎಂದಳು ಅತ್ತೆ. "ಬಂದೂಕ ನಮ್ಮಪ್ಪನ ಕೈಯಿಂದ ಜಾರಿ ಕಲ್ಲ ಮ್ಯಾಲ ಬಿತ್ತು. ಬಿದ್ದ ಮ್ಯಾಲ ಹಾರಿತು. ಅಪ್ಪ ಅದನ್ನ ಎತ್ತಿಕೊಂಡಿದ್ದು ಆಮ್ಯಾಲ. ನಾ ಕಣ್ಣಾರೆ ನೋಡೀನಿ. ಆದ್ರ ತಮ್ಮ ನೋಡಿದ್ದು ಅಷ್ಟ, ಬಂದೂಕ ಹಿಡಕೊಂಡು ನಿಂತ ಅಪ್ಪನ್ನ."

ಹೊರಗೆ ಚಕ್ಕಡಿಯ ಕತೆ ಹೇಳಿದರು. ಮನೆಯೊಳಗೆ ಯಾರೂ ಏನೂ ಹೇಳಲಿಲ್ಲ. ಅಜ್ಜ ತುಟಿ ಬಿಚ್ಚಲಿಲ್ಲ. ಅಪ್ಪನನ್ನು ದವಾಖಾನೆಗೆಂದು ಬೈಲಹೊಂಗಲದ ಸೋದರಮಾವನ ಮನೆಗೆ ಒಯ್ದವರು ಅಲ್ಲೇ ಶಾಲೆಗೆ ಹಾಕಿದರು. ಅವರು ಮತ್ತೆ ಆ ಮನೆಯಲ್ಲಿ ಒಂದು ಹೊತ್ತೂ ಉಣ್ಣಲಿಲ್ಲ. ಅಜ್ಜ ತೀರಿಕೊಂಡಾಗ ಹೋಗಿ, ಹೊಲದ ಬದುವಿನ ಮೇಲೆ ದೂರ ನಿಂತು, ಮಣ್ಣು ಕೊಡದೆ ತಿರುಗಿ ಬಂದರು.

"ನನ್ನ ಮದವಿ ಆದಾಗ ನಿಮ್ಮಪ್ಪಗ ಹೇಳಿದೆ. ಬಂದೂಕ ತಾನ ಹಾರಿತಪಾ ತಮ್ಮಾ ಅಂತ. ಅವ ಅಂದಾ, ಅಕ್ಕಾ, ಕೊಂಡಿ ಎಳೀದ ಯಾವ ಬಂದೂಕೂ ಹಾರಂಗಿಲ್ಲ, ನೀ ಅಪ್ಪನ ಪರ ಮಾತಾಡಾಕತ್ತಿ. ಎಲ್ಲಾರೂ ಹಂಗ ಅಂದ್ರು. ಅಂದೂ ಅಂದೂ ನಂಗೂ ನನ್ನ ಕಣ್ಣಿನ ಮ್ಯಾಲ ನಂಬಿಕಿ ಹೋತು. ನಾ ನೋಡಿದ್ದು ಖರೇನೋ ಕನಸೋ?"

ಮದುವೆಯಾದ ಹೊಸದರಲ್ಲಿ ಅವಳ ಗಂಡ ಆ ಬಂದೂಕಿಗೆ ಎಣ್ಣೆ ಹಾಕಲು ಬಿಚ್ಚಿದ್ದನಂತೆ. ಅವಳು ಹಿಂದೆ ನಿಂತು ಇಣುಕಿದ್ದಳು. ಕುದುರೆಯನ್ನು, ಅಂದರೆ ನಾನು ಉಗುರಿನಿಂದ ನೂಕಿದ ಆ ಕೊಕ್ಕನ್ನು, ನಡುವೆ ತಡೆದು ನಿಲ್ಲಿಸುವ ಒಂದು ಹಲ್ಲು ಒಳಗಿರುತ್ತದೆ. ಆ ಹಲ್ಲು ಸವೆದು ಬೋಳಾಗಿತ್ತು. ಆಗ ಅವಳಿಗೆ ಅದರ ಅರ್ಥ ಗೊತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಹಲ್ಲು ಸವೆದ ಒಂದು ಗೋಡೆ ಗಡಿಯಾರ ಮೇಜಿನಿಂದ ಕೆಳಗೆ ಬಿದ್ದು, ಇದ್ದಕ್ಕಿದ್ದಂತೆ ಗಂಟೆ ಹೊಡೆಯತೊಡಗಿದಾಗ ಬಂದೂಕೂ ಹೀಗೇ ಪೆಟ್ಟಿಗೆ ತಾನಾಗಿ ಹಾರಿರಬೇಕು ಎಂದು ಅವಳಿಗೆ ಹೊಳೆಯಿತು. ಆದರೆ ಅಷ್ಟು ಹೊತ್ತಿಗೆ ಆ ಬಂದೂಕನ್ನು ಮನೆಯವರು ಸರ್ಕಾರಕ್ಕೆ ಒಪ್ಪಿಸಿಬಿಟ್ಟಿದ್ದರು. ದೊಡ್ಡದು ಸಿಗುವ ಹಾಗಿರಲಿಲ್ಲ. ಅದಕ್ಕೇ ಸಣ್ಣದು ಮಾಡಿದಳು.

"ಈಗ ಸಮಾಧಾನ ಆತೇನ?" ಎಂದು ಕೇಳಿದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ನನ್ನ ತಂದೆ ತಮ್ಮ ಹೆತ್ತ ತಂದೆಯೇ ಗುಂಡು ಹೊಡೆದ ಎಂದು ನಂಬಿ ಬದುಕಿದ್ದಾರೆ ಎನ್ನುವ ಮಾತು ಎದೆಯೊಳಗೆ ಇಳಿಯುತ್ತಲೇ ಇರಲಿಲ್ಲ.

"ನಿಮ್ಮಪ್ಪನ್ನ ಒಮ್ಮಿ ಕರಕೊಂಡ ಬಾ" ಎಂದಳು ಅಷ್ಟೆ.

ತಿರುಗಿ ಬರುವಾಗ ಸವದತ್ತಿಯಲ್ಲಿ ಇಳಿದೆ. ನನ್ನ ಮೈದುನ ಅಲ್ಲಿ ವಕೀಲ. ಅವನ ಕಚೇರಿಯ ಹೊರಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಟೆಂಪೋಗಳ ಗದ್ದಲ. ಮೊಬೈಲಿನಲ್ಲಿ ಫೋಟೋ ತೋರಿಸಿದೆ. "ಅಬ್ಬಾ, ಎಷ್ಟ ಚಂದ ಐತಿ ವೈನಿ! ಶೋಕೇಸಿನಾಗ ಇಡೂದೇನು?" ಎಂದ. ಹಾರುತ್ತದೆ ಎಂದು ಹೇಳಿದೆ. ಅವನು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ.

"ವೈನಿ, ಬೆರಳಷ್ಟಿರಲಿ, ಉಗರಷ್ಟಿರಲಿ, ಹಾರತೈತಿ ಅಂದ್ರ ತಂಟೇದ ಮಾತು. ಪರವಾನಗಿ ಇಲ್ಲದ ಬಂದೂಕ ಮಾಡೀರಿ ಅಂತ ಯಾರರೆ ಅಂದ್ರ ಏನ ಹೇಳತೀರಿ? ಅವರಿಗೆ ಹೇಳ್ರಿ, ಲಗೂನ ನಳಗಿ ಬಂದ್ ಮಾಡಿಬಿಡಲಿ. ಗೊಂಬಿ ಆಗಲಿ ಅವು."

ಬೈಲಹೊಂಗಲಕ್ಕೆ ಬಂದು ಅಪ್ಪನಿಗೆ ಊಟ ಬಡಿಸಿದೆ. ಅವರು ನಮ್ಮ ಮನೆಯಲ್ಲೇ ಇರುತ್ತಾರೆ, ಅಮ್ಮ ಹೋದಾಗಿನಿಂದ. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದುವ ಅವರ ಕೈ ನೋಡುತ್ತಾ ಕೂತೆ. ಅವರ ಕಾಲಿನ ಕಡೆ ಕಣ್ಣು ಹೋದರೆ ತಿರುವಿಕೊಂಡೆ. ಇದು ಅವರಿಗೂ ತಿಳಿಯಿತು. ಒಂದು ಸಂಜೆ ಅಂಗಡಿಗೇ ಬಂದು, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತು ಕೇಳಿದರು.

"ಅಕ್ಕ ಏನ ಹೇಳಿದಳು?"

"ಗಾಲಿ ಅಲ್ಲಂತ ಹೇಳಿದಳು."

ಅವರು ಬಗ್ಗಿ ಕೆಳಗೆ ಬಿದ್ದಿದ್ದ ಬಟ್ಟೆ ಚೂರುಗಳನ್ನು ಆರಿಸತೊಡಗಿದರು. ಅತ್ತೆ ಬಂದೂಕು ಮಾಡಿದ್ದನ್ನು ಹೇಳಿದೆ. ತಲೆ ಎತ್ತಿದರು. ಅವರು ಬೆಚ್ಚಿದ್ದನ್ನು ನಾನು ಅದಕ್ಕೆ ಮೊದಲು ಕಂಡದ್ದು ಅಮ್ಮ ಸತ್ತ ದಿನ.

"ಅಕ್ಕ? ಬಂದೂಕ? ಅಕಿಗೆ ತಲಿ ಕೆಟ್ಟೈತೇನ?" ಎಂದರು. ಆಮೇಲೆ, "ನಾಳೆ ಹೋಗೂಣು" ಎಂದರು.

ಬಾಡಿಗೆ ಕಾರು ಮಾಡಿಕೊಂಡು ಹೋದೆವು. ನವಿಲುತೀರ್ಥ ಅಣೆಕಟ್ಟಿನ ನೀರು ಕಿಟಕಿಯ ಆಚೆ ಹೊಳೆಯುತ್ತಿದ್ದರೂ ಅಪ್ಪ ಆ ಕಡೆ ನೋಡಲಿಲ್ಲ. ರಾಮದುರ್ಗದಲ್ಲಿ ಅತ್ತೆ ಇಬ್ಬರಿಗೂ ಚಹಾ ಕೊಟ್ಟಳು. ಚಹಾ ಕುಡಿದ ಮೇಲೆ ಡಬ್ಬಿ ತಂದಿಟ್ಟಳು. ಬೆಳ್ಳಿ ಬಳ್ಳಿಯದಲ್ಲ, ಅದಕ್ಕಿಂತ ಸಾದಾ ಒಂದು. ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದರು.

"ಅದ ಐತಿ" ಎಂದರು. "ಹಿಡಿಕಿ ಒಡದು ತಂತಿ ಸುತ್ತಿತ್ತಲ್ಲ, ಅದೂ ಐತಿ."

"ಎಲ್ಲಾ ಅದ ಐತಿ. ಒಳಗಿನ ಹಲ್ಲ ಸೈತ ಹಂಗ ಸವಸೀನಿ."

ಗುಂಡು ಹಾಕಿರಲಿಲ್ಲ, ಟಿಕಳಿಯ ಒಂದು ಚೂರು ಮಾತ್ರ. ಅತ್ತೆ ಕುದುರೆಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ, ಬಂದೂಕನ್ನು ಹೊಸ್ತಿಲ ಕಲ್ಲಿನ ಮೇಲೆ ಎತ್ತರದಿಂದ ಬಿಟ್ಟಳು. ಟಿಣ್ ಎಂದು ಬಿದ್ದು ಉರುಳಿತು. ಹಾರಲಿಲ್ಲ. ಎತ್ತಿಕೊಂಡು ಮತ್ತೆ ಬಿಟ್ಟಳು. ಹಾರಲಿಲ್ಲ.

"ಸಾಕ ಬಿಡು ಅಕ್ಕಾ" ಎಂದರು ಅಪ್ಪ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಾಕಾಗಿತ್ತು. "ಇಷ್ಟ ವರ್ಷ ಆದ ಮ್ಯಾಲ ಯಾಕ ಇದು?" ಎಂದು ಕೋಲು ಊರಿ ಏಳಲು ಹೋದರು.

"ಇನ್ನೊಮ್ಮಿ ತಮ್ಮಾ. ಇನ್ನೊಮ್ಮಿ ನೋಡು."

ಈ ಸಲ ಅದು ಹಿಡಿಕೆಯ ಮೂಲೆ ಕೆಳಗಾಗಿ ಬಿತ್ತು. ಟಪ್ ಎಂದಿತು. ಹೊಸ್ತಿಲಿನಿಂದ ಹೊಗೆ ಎದ್ದಿತು. ಯಾರೂ ಮುಟ್ಟಿರಲಿಲ್ಲ. ಕೊಂಡಿಯ ಹತ್ತಿರ ಯಾರ ಬೆರಳೂ ಇರಲಿಲ್ಲ.

ನಾನು ನೋಡಿದ್ದು ಬಂದೂಕನ್ನಲ್ಲ, ಅಪ್ಪನನ್ನು. ಅವರು ಕೋಲು ಕೈಬಿಟ್ಟು ಎರಡೂ ಕೈಯಿಂದ ಬಲ ಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಬಾಯಿ ತೆರೆದಿತ್ತು. ಬಿಳಿಗೂದಲಿನ ಕೆಳಗಿನ ಆ ಮುಖದಲ್ಲಿ ಏಳೆಂಟು ವರ್ಷದ ಹುಡುಗ ಕಂಡ. ನಾನು ಓಡಿಹೋಗಿ ಅವರ ಹೆಗಲು ಹಿಡಿದೆ. ಮೈ ಕಟ್ಟಿಗೆಯ ಹಾಗೆ ಬಿಗಿದಿತ್ತು.

ಅತ್ತೆ ನೆಲಕ್ಕೆ ಕೂತು, ಅವರ ಆ ಕಾಲಿನ ಪಾದವನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು.

"ಸಣ್ಣದು ಹಾರಿತು ಅಂದ್ರ ದೊಡ್ಡದೂ ಹಂಗ ಹಾರಿತು ಅಂತ ಆಗತೈತೇನ ಅಕ್ಕಾ?" ಎಂದರು ಅಪ್ಪ.

"ಆಗತೈತಿ ಅಂತ ಹೆಂಗ ಹೇಳಲಿ? ಆಗಿರಬಹುದು. ನಾ ನೋಡಿದ್ದು ಸುಳ್ಳಲ್ಲ, ಅಷ್ಟ ಹೇಳತೇನಿ."

"ಆಗಿರಬಹುದು" ಎಂದು ಅಪ್ಪ ಆ ಮಾತನ್ನು ತಾವೂ ಒಮ್ಮೆ ಹೇಳಿ ನೋಡಿದರು. ನಂತರ ಅವರು ಹೇಳಿದ್ದು ಅತ್ತೆಗೂ ಗೊತ್ತಿರಲಿಲ್ಲ. "ದವಾಖಾನ್ಯಾಗ ಅಪ್ಪ ದಿನಾ ಬರತಿದ್ದ. ಇದ ಪಾದ ಹಿಡಕೊಂಡ ಕುಂದರತಿದ್ದ. ನಾ ಕಣ್ಣ ಮುಚ್ಚಿ ಮಲಗಿದಂಗ ಮಾಡತಿದ್ದೆ. ಎಚ್ಚರಿದ್ರ ಮತ್ತ ಹೊಡಿತಾನ ಅಂತ ಅಂಜಿಕಿ. ಅವ ಅಳತಿದ್ದ ಅಕ್ಕಾ. ಹೊಡದಿದ್ದಕ್ಕ ಅಳಾಕತ್ತಾನ ಅಂತ ತಿಳಕೊಂಡೆ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಗೋಡೆಯ ಕಡೆ ತಿರುಗಿದೆ. ವೀಳ್ಯದೆಲೆ ಆಗಲೇ ಒಣಗಿ ಸುರುಟಿತ್ತು.

ಎಲ್ಲಾ ಮುಗಿಯಿತು ಎಂದುಕೊಂಡರೆ ಅಪ್ಪ ಕೈ ಚಾಚಿದರು. "ಕೊಡಿಲ್ಲೆ." ಅತ್ತೆ ಬಂದೂಕು ಕೊಟ್ಟಳು. ಅಂಗೈಯಲ್ಲಿಟ್ಟುಕೊಂಡು, ಕನ್ನಡಕ ಮೇಲೆತ್ತಿ, ಕಣ್ಣಿನ ಹತ್ತಿರ ಹಿಡಿದು ಅವರು ಅದನ್ನು ಇಂಚಿಂಚು ನೋಡಿದರು. ತಂತಿ ಸುತ್ತಿದ ಹಿಡಿಕೆಯ ಮೇಲೆ ಉಗುರು ಆಡಿಸಿದರು. "ಎಂಥಾ ಕೈ ಅಕ್ಕಾ ನಿಂದು!" ಎಂದರು. ತಮ್ಮ ಕಾಲು ಮುರಿದ ಬಂದೂಕಿನದೇ ಪಡಿಯಚ್ಚಿನ ಬಗ್ಗೆ ಹಾಗೆ ಹೇಳಿದರು. ಅಂದು ನಾನು ಕಂಡು ಕೇಳಿದ್ದರಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನಡುಗಿಸಿದ್ದು ಆ ಮಾತು.

ಮೈದುನ ಹೇಳಿದ್ದನ್ನು ಅತ್ತೆಗೆ ತಿಳಿಸಿದೆ. ಅವಳು ವಾದ ಮಾಡಲಿಲ್ಲ. ಆವತ್ತೇ ಮಧ್ಯಾಹ್ನ, ನಮ್ಮೆದುರಿಗೇ, ಒಂದೊಂದೇ ನಳಿಗೆಗೆ ಹಿತ್ತಾಳೆ ಬೆಸೆದು ಮುಚ್ಚಿದಳು. ಬೆಳ್ಳಿ ಬಳ್ಳಿಯದರ ಸರದಿ ಬಂದಾಗ ಮಾತ್ರ ಅದನ್ನು ಕೈಯಲ್ಲಿಟ್ಟುಕೊಂಡು ಒಂದು ಗಳಿಗೆ ಕೂತಳು. ಆಮೇಲೆ ಅದನ್ನೂ ಮುಚ್ಚಿದಳು.

ಅದಾದ ಮುಂದಿನ ವಾರ ಅಪ್ಪ ಕಿತ್ತೂರಿನ ಕಡೆಯ ಆ ಹಳ್ಳಿಗೆ ಕರೆದುಕೊಂಡು ಹೋಗು ಎಂದರು. ಅಲ್ಲೇ ಉಳಿದಿದ್ದ ಅಪ್ಪನ ತಮ್ಮನ, ಅಂದರೆ ನನ್ನ ಚಿಕ್ಕಪ್ಪನ, ಮಗ ಈಗ ಆ ಹೊಲ ಮಾಡುತ್ತಾನೆ. ಅಜ್ಜನ ಸಮಾಧಿಯ ಸುತ್ತ ಕಬ್ಬು ಎದೆಯುದ್ದ ಬೆಳೆದಿತ್ತು. ಅಪ್ಪ ಕೋಲಿನಿಂದ ಕಬ್ಬು ಸರಿಸುತ್ತಾ ಹೋದರು, ನಾನು ಹಿಂದೆ ನಿಂತೆ. ಅವರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಕಲ್ಲಿನ ಮೇಲೆ ಹಾಕಿದರು. ಏನಾದರೂ ಹೇಳಿದರೋ ಇಲ್ಲವೋ ಗೊತ್ತಿಲ್ಲ. ಗಾಳಿಗೆ ಕಬ್ಬಿನ ಗರಿ ಸದ್ದು ಮಾಡುತ್ತಿತ್ತು. ತಿರುಗಿ ಬರುವಾಗ ಚಿಕ್ಕಪ್ಪನ ಸೊಸೆ, "ಉಂಡ ಹೋಗ್ರಿ ಮಾವಾರ" ಎಂದಳು. ಅವರು ಇಲ್ಲವೆನ್ನುತ್ತಾರೆ ಎಂದು ನಾನು ಕಾರಿನ ಬಾಗಿಲು ತೆಗೆದೇ ನಿಂತಿದ್ದೆ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು. ಉಂಡರು. ಉಂಡು, "ನೀ ಹೋಗು, ನಾ ನಾಳೆ ಬರತೇನಿ" ಎಂದರು. ಮರುದಿನ ಫೋನು ಮಾಡಿದರೆ, "ಇನ್ನೊಂದ ದಿನ ಇರತೇನಿ" ಎಂದರು. ಅವರು ಬಂದದ್ದು ವಾರ ಕಳೆದ ಮೇಲೆ, ಹೀರೇಕಾಯಿ, ಮೆಣಸಿನಕಾಯಿ ಕಟ್ಟಿಸಿಕೊಂಡು.

ಅತ್ತೆಯ ಕೆಲಸವೂ ಮುಗಿಯಿತು ಎಂದು ನಾನು ತಿಳಿದಿದ್ದೆ. ಮೊನ್ನೆ ರಾಮದುರ್ಗಕ್ಕೆ ಹೋದಾಗ ಅವಳು ಮೇಜಿನ ಮುಂದೆಯೇ ಇದ್ದಳು. ಭೂತಗನ್ನಡಿ ಕಣ್ಣಿನಲ್ಲಿ, ಕೈಯಲ್ಲಿ ಉಕ್ಕು ತಿಕ್ಕುವ ಅರ, ಮುಂದೆ ಒಂದರ ಪಕ್ಕ ಒಂದು ಎರಡು ನಳಿಗೆ.

"ಮತ್ತ ಬಂದೂಕ?" ನಾನು ಬಾಗಿಲಲ್ಲೇ ನಿಂತೆ. "ಯಾಕ ಅತ್ತಿ? ಈಗ ಏನ ಬೇಕಾಗೇತಿ ನಿನಗ ಅದರಿಂದ?"

"ಜೋಡ ನಳಗೀದು. ಅಂಜಬ್ಯಾಡ, ತೂತ ಪೂರ್ತಿ ಕೊರಿಯಂಗಿಲ್ಲ, ಹಾರಂಗಿಲ್ಲ."

"ಹಾರದಿದ್ರ ಮಾಡೂದ ಯಾಕ ಅಂದಿದ್ದಿ ನೀನ."

ಅವಳು ಭೂತಗನ್ನಡಿ ತೆಗೆದು ನನ್ನನ್ನು ನೋಡಿದಳು. ಆ ಕಣ್ಣಿನ ಸುತ್ತ ಕೆಂಪು ಬಳೆಯಂಥ ಗುರುತು ಬಿದ್ದಿತ್ತು.

"ನಂಗೂ ಹಿಂಗ ಆಗತೈತಿ ಅಂತ ಗೊತ್ತಿರಲಿಲ್ಲವ್ವಾ" ಎಂದಳು. "ಹೇಸಿ ಹೇಸಿ ಶುರು ಮಾಡಿದ್ದೆ. ಮಾಡತಾ ಮಾಡತಾ ಚಂದ ಕಂಡಿತು. ಈಗ ಬಿಡಾಕ ಆಗವಲ್ದು."

ಮತ್ತೆ ಕನ್ನಡಿ ಸಿಕ್ಕಿಸಿಕೊಂಡು ಬಗ್ಗಿದಳು. ಅರದ ಸಣ್ಣ ಸದ್ದು ಶುರುವಾಯಿತು. ನಾನು ಅವಳ ಅಂಗಡಿಯ ಬೆಂಚಿನ ಮೇಲೆ ಕೂತು, ಅವಳು ಕೆಳಗಿಟ್ಟ ಬೀಟೆಯ ತುಂಡನ್ನು ಕೈಗೆತ್ತಿಕೊಂಡು ನೋಡತೊಡಗಿದೆ.